ಕೆಂಚಿ ಕಲಿತ ದಾರಿ

ಫೆಬ್ರವರಿ 10, 1958, ಸೋಮವಾರ. ಸಂಜೆ ಆರು.

ಇವತ್ತು ಎರಡು ಲಗಾಮು, ಒಂದು ಜೀನು. ಹಳೇಕೋಟೆ ಜಟಕಾದವನ ಕುದುರೆಗೆ ಎದೆಪಟ್ಟಿ ಕಿತ್ತುಹೋಗಿತ್ತು, ಕೂತಲ್ಲೇ ಹೊಲಿದು ಕೊಟ್ಟೆ. ಮೈಸೂರು ರೈಲು ಒಂದು ಗಂಟೆ ತಡ. ಮಧ್ಯಾಹ್ನ ಉಣ್ಣಲಿಲ್ಲ, ಹಸಿವಾಗಲಿಲ್ಲ. ನನ್ನ ಹೆಂಡತಿ ಮಾಯಮ್ಮ ತೀರಿಹೋಗಿ ನಾಳೆಗೆ ಮೂರು ತಿಂಗಳು. ಅವಳ ನಾಯಿ ಕೆಂಚಿ ಅಂಗಡಿ ಮುಂದೆ ಹೊಳೆ ಕಡೆ ಮುಖ ಮಾಡಿ ಮಲಗಿರುತ್ತೆ. ದಿನಾ ಹಾಗೇ.

ನಾಲ್ಕು ಗಂಟೆಗೆ ಪಂಚಾಕ್ಷರಯ್ಯ ಮೇಷ್ಟ್ರ ತಂಗಿ ಪ್ರೇಮಕುಮಾರಿ ಬಂದರು. ಮೇಷ್ಟ್ರಿಗೆ ಎರಡು ವರ್ಷದ ಹಿಂದೆ ಎರಡೂ ಕಣ್ಣು ಹೋದವು. ಆದರೂ ಮಿಡ್ಲ್ ಸ್ಕೂಲಿನಲ್ಲಿ ಬಾಯಿಲೆಕ್ಕ, ಪದ್ಯ ಹೇಳಿಕೊಡುತ್ತಾರೆ. ಈ ತಂಗಿಯೇ ದಿನಾ ಕೈ ಹಿಡಿದು ಬಿಟ್ಟುಬಂದು, ಸಂಜೆ ಕರೆತರುತ್ತಾರೆ.

ಕೈಯಲ್ಲಿ ಇಂಗ್ಲಿಷ್ ಪತ್ರಿಕೆಯಿಂದ ಹರಿದ ಹಾಳೆ. ಅದರಲ್ಲಿ ಫೋಟೋ — ಕರಿ ಕನ್ನಡಕದ ಒಬ್ಬ ಮನುಷ್ಯ, ಅವನ ಎಡಗಡೆ ದೊಡ್ಡ ನಾಯಿ. ನಾಯಿಯ ಮೈಗೆ ಚರ್ಮದ ಪಟ್ಟಿ. ಪಟ್ಟಿಯಿಂದ ಎದ್ದ ಬುಟ್ಟಿಹಿಡಿಯಂಥ ಒಂದು ಹಿಡಿ ಅವನ ಕೈಯಲ್ಲಿ.

"ಚಲುವಣ್ಣ, ಇದನ್ನ ಮಾಡೋಕಾಗುತ್ತಾ?"

"ಪಟ್ಟಿ ಮಾಡ್ಬೋದು ಅವ್ವಾರೆ. ನಾಯಿ ಎಲ್ಲೈತೆ?"

"ನಾಯಿ ಇಲ್ಲ."

"ಮತ್ತೆ ಪಟ್ಟಿ ಯಾರ್ಗಾಕದು, ಮೇಷ್ಟ್ರಿಗಾ?"

ನಕ್ಕರು. ನಾನೂ ನಕ್ಕೆನೋ ಏನೋ. ಕೂತು ಹಾಳೆ ಓದಿ ಹೇಳಿದರು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯಲ್ಲಿ ಸಾವಿರಾರು ಸಿಪಾಯಿಗಳ ಕಣ್ಣು ಹೋಯಿತಂತೆ. ಆಸ್ಪತ್ರೆಯ ಡಾಕ್ಟರೊಬ್ಬರು ಒಬ್ಬ ಕುರುಡು ಸಿಪಾಯಿಯ ಹತ್ತಿರ ತಮ್ಮ ನಾಯಿ ಬಿಟ್ಟು ಹೋಗಿದ್ದರಂತೆ. ಬಂದು ನೋಡಿದರೆ ನಾಯಿ ಅವನನ್ನು ತಾನೇ ನೋಡಿಕೊಳ್ಳುತ್ತಿತ್ತು. ಅಲ್ಲಿಂದ ಶುರು. ಆಮೇಲೆ ಸ್ವಿಟ್ಜರ್ಲೆಂಡಿನಲ್ಲಿದ್ದ ಒಬ್ಬ ಅಮೆರಿಕದ ಹೆಂಗಸು ಪತ್ರಿಕೆಗೆ ಬರೆದರು, ಅದನ್ನು ಕೇಳಿಸಿಕೊಂಡ ಕುರುಡು ಹುಡುಗನೊಬ್ಬ ಹಡಗು ಹತ್ತಿ ಹೋಗಿ ನಾಯಿ ತಂದ. ಮೋಟಾರು ತುಂಬಿದ ರಸ್ತೆಯನ್ನು ಎಲ್ಲರ ಎದುರಿಗೆ ಒಬ್ಬನೇ ದಾಟಿದ. ಮೂವತ್ತು ವರ್ಷದ ಮಾತು.

"ನಂಗೆ ಹಾಸನದ ಟ್ರೇನಿಂಗ್ ಸ್ಕೂಲಲ್ಲಿ ಹೋದ ವರ್ಷ ಸೀಟು ಸಿಕ್ಕಿತ್ತು. ಬಿಟ್ಟೆ. ಈ ವರ್ಷವೂ ಕೊಡ್ತಾರಂತೆ. ಈ ಸಲ ಬಿಟ್ರೆ ಮುಗೀತು. ಅಣ್ಣ ಒಬ್ರೇ ಸ್ಕೂಲಿಗೆ ಹೋಗಿ ಬರೋ ಹಾಗಾದ್ರೆ ಮಾತ್ರ ನಾನು ಹೋಗಬಹುದು. ಜೂನ್ ತನಕ ಟೈಮಿದೆ."

ಹಾಳೆ ಬಿಟ್ಟು ಹೋದರು. ಕೆಂಚಿ ತಲೆ ಎತ್ತಿ ಅವರು ಹೋಗುವುದನ್ನು ನೋಡಿತು.


ಫೆಬ್ರವರಿ 12, ಬುಧವಾರ. ಸಂಜೆ.

ಆಗುತ್ತೆ. ನನಗೆ ಗೊತ್ತು. ನೋಡಿದ್ದೇನೆ.

ಕೊನೆಯ ವರ್ಷ ಮಾಯಮ್ಮನಿಗೆ ಕಣ್ಣು ಮಂಜಾಗಿತ್ತು. ನನಗೆ ಹೇಳಿರಲಿಲ್ಲ. ಕೆಂಚಿಯ ಕುತ್ತಿಗೆಗೆ ಸೀರೆಯ ಅಂಚು ಕಟ್ಟಿ ಹೊಳೆಗೆ ಹೋಗುತ್ತಿದ್ದಳು. ಚರಂಡಿ ಬಂದರೆ ಕೆಂಚಿ ಅಡ್ಡ ನಿಲ್ಲುತ್ತಿತ್ತು. ಯಾರೂ ಕಲಿಸಿರಲಿಲ್ಲ. ಎಷ್ಟೋ ದಿನ ಆಟ ಅಂದುಕೊಂಡಿದ್ದೆ.

ಕೆಂಚಿಯನ್ನು ಕೊಡಬೇಕಾಗುತ್ತೆ. ಅದನ್ನೂ ಯೋಚಿಸಿದೆ.

ಮಧ್ಯಾಹ್ನ ಹೋಗಿ ಪ್ರೇಮಕುಮಾರಿಯವರಿಗೆ ಹೇಳಿ ಬಂದೆ. "ನಾಯಿ ಐತೆ."


ಫೆಬ್ರವರಿ 23, ಭಾನುವಾರ.

ಚನ್ನರಾಯಪಟ್ಟಣದ ಸಂತೆಯಿಂದ ಚರ್ಮ ತಂದೆ. ಮೆತ್ತಗಿನದು, ಎಮ್ಮೆಯದಲ್ಲ. ಎದೆಗೆ ಒಂದು ಪಟ್ಟಿ, ಬೆನ್ನಿಗೆ ಒಂದು, ಹೊಟ್ಟೆಯಡಿ ಒಂದು. ಕುದುರೆಗೆ ಮಾಡಿದ್ದೇ, ಸಣ್ಣದು. ಹಿಡಿ ಮಾತ್ರ ಕಷ್ಟ. ಮೊದಲು ಕಬ್ಬಿಣದ ಸಲಾಕೆ ಬಗ್ಗಿಸಿದೆ, ಭಾರವಾಯಿತು. ಬಿದಿರು ಸೀಳಿತು. ಕೊನೆಗೆ ಬೆತ್ತವನ್ನು ಬಿಸಿನೀರಿನಲ್ಲಿ ನೆನೆಸಿ, ಬಗ್ಗಿಸಿ, ಚರ್ಮ ಸುತ್ತಿದೆ.

ಹಿಡಿ ಯಾಕೆ ಗಟ್ಟಿ ಇರಬೇಕು ಅಂತ ಹಿಡಿದ ಮೇಲೆ ತಿಳಿಯಿತು. ಹಗ್ಗವಾದರೆ ನಾಯಿ ಎಳೆದದ್ದು ಮಾತ್ರ ಗೊತ್ತಾಗುತ್ತೆ. ಹಿಡಿಯಾದರೆ ನಿಂತದ್ದು, ಅನುಮಾನಪಟ್ಟದ್ದು, ಎಡಕ್ಕೆ ವಾಲಿದ್ದು ಎಲ್ಲಾ ಅಂಗೈಗೆ ಬರುತ್ತೆ.

ಕೆಂಚಿ ಪಟ್ಟಿ ಹಾಕಿಸಿಕೊಂಡು ಮೈ ಒದರಿ ಕೂತಿತು. ಪಕ್ಕದ ಮನೆ ಮಾದಮ್ಮ ಬಂದು ನೋಡಿ, "ಏನ್ ಚಲುವಣ್ಣ, ಕೆಂಚಿಗೆ ಜಟಕಾ ಕಟ್ತೀಯಾ? ನಂಗೂ ಒಸಿ ಜಾಗ ಇಡು, ಅರಕಲಗೂಡಿಗೋಗ್ಬೇಕು" ಅಂದಳು.


ಮಾರ್ಚ್ 9, ಭಾನುವಾರ. ಸಂಜೆ ಐದೂವರೆ.

ಹದಿನೈದು ದಿನ ಬರೆಯಲಿಲ್ಲ. ಕೆಂಚಿಗೆ ಕಲಿಸುವುದೇ ಆಯಿತು.

ಮೊದಲು ನಿಲ್ಲುವುದು. ಎತ್ತಿಗೆ, ಕುದುರೆಗೆ ಏನನ್ನುತ್ತೇವೋ ಅದೇ. "ಓ..." ಅಂದರೆ ನಿಲ್ಲಬೇಕು. ಎರಡೇ ದಿನದಲ್ಲಿ ಕಲಿತಿತು. ಆಮೇಲೆ ಹೋಗುವುದು. ಅದು ಮಾತ್ರ ಬರಲೇ ಇಲ್ಲ. ಒಂದು ವಾರ ಗಂಟಲು ಹರಿದುಕೊಂಡೆ. ಹೇಳಿದಷ್ಟೂ ನಿಂತಲ್ಲೇ ನಿಲ್ಲುತ್ತೆ, ನನ್ನ ಮುಖ ನೋಡುತ್ತೆ.

ಇಂದು ಮೇಷ್ಟ್ರ ಮನೆ ಮುಂದೆ ತೋರಿಸಿದೆ. ಮೇಷ್ಟ್ರು ಜಗುಲಿ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದರು.

"ಓಗು! ಓಗು ಕೆಂಚಿ! ಓಗು!"

ಕೆಂಚಿ ಕಲ್ಲಿನ ಹಾಗೆ ನಿಂತಿತು. ಪ್ರೇಮಕುಮಾರಿ ಬಾಯಿಗೆ ಸೆರಗು ಹಿಡಿದು ನಗಲು ಶುರು ಮಾಡಿದರು. ಮೇಷ್ಟ್ರೂ ನಕ್ಕರು.

"ಚಲುವಯ್ಯ, ನಾಯಿದೇನೂ ತಪ್ಪಿಲ್ಲ ಕಣಯ್ಯ. ನೀನು 'ಓ' ಅಂದ ತಕ್ಷಣ ಅದು ನಿಲ್ತಿದೆ. 'ಗು' ಬರೋ ಹೊತ್ತಿಗೆ ನಿಂತಾಗಿದೆ. ನಿನ್ನ ಬಾಯಲ್ಲಿ ಹೋಗೋದೂ ನಿಲ್ಲೋದರಿಂದಲೇ ಶುರುವಾಗುತ್ತೆ."

"ಮತ್ತೇನನ್ಲಿ ಸಾ?"

"ಹೋಗು ಅನ್ನು. ಹ, ಹ."

ಅಂದೆ. ಉಸಿರು ಮಾತ್ರ ಜಾಸ್ತಿ ಬಂತು. ಕೊನೆಗೆ ಮೇಷ್ಟ್ರೇ "ನಡಿ" ಅಂತ ಇಡು ಅಂದರು. ನಡಿ ಅಂದೆ. ಸಂಜೆಯೊಳಗೆ ಕೆಂಚಿ ನಡೆಯಿತು.


ಮಾರ್ಚ್ 20, ಗುರುವಾರ.

ಕಣ್ಣಿಗೆ ಟವಲು ಬಿಗಿದುಕೊಂಡು ನಡೆಯುತ್ತಿದ್ದೇನೆ. ಹಿಡಿ ಹಿಡಿದು, ಕೆಂಚಿ ಹಿಂದೆ. ಮೆಟ್ಟಿಲಿಗೆ ನಿಲ್ಲುತ್ತೆ. ಕಲ್ಲು ಸುತ್ತುತ್ತೆ. ಆದರೆ ಎತ್ತಿನ ಗಾಡಿಯ ಮುಂದೆ ಚಾಚಿದ ಮೂಕಿಮರ ಅಡ್ಡ ಬಂದರೆ ತಾನು ಅಡಿಯಲ್ಲಿ ನುಸುಳುತ್ತೆ, ನನ್ನ ಹಣೆಗೆ ಬೀಳುತ್ತೆ. ಮೂರು ಸಲ ಬಿತ್ತು. ಆಳೆತ್ತರಕ್ಕೆ ಬೊಂಬು ಕಟ್ಟಿ, ತಗುಲಿದಾಗಲೆಲ್ಲ ಬೊಂಬಿಗೆ ಬಡಿದು ಸದ್ದು ಮಾಡಿ ಹಿಂದೆ ಬಂದೆ. ನಾಲ್ಕನೇ ದಿನ ಬೊಂಬಿನ ಮುಂದೆ ನಿಂತು ತಲೆ ಎತ್ತಿ ನೋಡಿತು. ನನ್ನ ಎತ್ತರ ಅದಕ್ಕೀಗ ಗೊತ್ತು.

ಮಾದಮ್ಮ: "ಕಣ್ಣಾಮುಚ್ಚಾಲೆ ಆಡೋ ವಯಸ್ಸೇನ್ಲಾ ನಿಂದು!"

ಟವಲು ಕಟ್ಟಿಕೊಂಡರೆ ಕಾಲು ಹೆದರುತ್ತೆ. ಕೈ ಹೆದರುವುದಿಲ್ಲ, ಹಿಡಿ ಇರುತ್ತಲ್ಲ. ಮಾಯಮ್ಮ ಒಂದು ವರ್ಷ ಹೀಗೆ ನಡೆದಳು. ಸೀರೆಯ ಅಂಚು ಹಿಡಿದುಕೊಂಡು. ಕೇಳಿದ್ದರೆ ಹಿಡಿ ಮಾಡಿಕೊಡುತ್ತಿದ್ದೆ...


ಏಪ್ರಿಲ್ 13, ಭಾನುವಾರ.

ಮೇಷ್ಟ್ರ ಕೈಗೆ ಹಿಡಿ ಕೊಟ್ಟೆ. ಪೇಟೆ ಬೀದಿಯಲ್ಲಿ ಮನೆಯಿಂದ ಅರಳಿಕಟ್ಟೆ ತನಕ, ವಾಪಸ್. ಮೊದಲು ಹಿಡಿಯನ್ನು ದಬ್ಬುತ್ತಿದ್ದರು. "ದಬ್ಬಬ್ಯಾಡಿ ಸಾ. ಅದು ಕರ್ಕೊಂಡೋಯ್ತದೆ, ನೀವು ಅದರ ಜೊತೇಲಿ ಓದ್ರೆ ಸಾಕು" ಅಂದೆ. ಎರಡನೇ ಸಲಕ್ಕೆ ಹೆಗಲು ಇಳಿಯಿತು. ಮೂರನೇ ಸಲಕ್ಕೆ ಮಗ್ಗಿ ಹೇಳಿಕೊಂಡು ಬಂದರು.

ಸಂಜೆ ಅಂಗಡಿಗೆ ಹೊರಟಾಗ ಕೆಂಚಿ ಮೇಷ್ಟ್ರ ಮನೆ ಮೆಟ್ಟಿಲ ಹತ್ತಿರ ಒಂದು ಗಳಿಗೆ ನಿಂತಿತು. ಆಮೇಲೆ ನನ್ನ ಹಿಂದೆ ಬಂತು.


ಮೇ 11, ಭಾನುವಾರ. ಬೆಳಿಗ್ಗೆ ಹತ್ತು.

ಸ್ಕೂಲಿನ ದಾರಿ ನಾನೊಬ್ಬನೇ ಕಲಿಸಿದ್ದೆ. ಇಪ್ಪತ್ತು ದಿನ, ದಿನಕ್ಕೆ ಎರಡು ಸಲ. ಟವಲು ಕಟ್ಟಿಕೊಂಡೂ ನಡೆದೆ. ಕೆಂಚಿ ಒಂದು ಸಲವೂ ತಪ್ಪಲಿಲ್ಲ.

ಇಂದು ಮೇಷ್ಟ್ರು ನಡೆದರು. ನಾನು ಹತ್ತು ಹೆಜ್ಜೆ ಹಿಂದೆ. ರಜ, ಸ್ಕೂಲಿಗೆ ಬೀಗ. ಸ್ಕೂಲಿನ ಮೆಟ್ಟಿಲಿಗೆ ಕೆಂಚಿ ನಿಂತಿತು. ಮೇಷ್ಟ್ರು ಕೋಲಿನಿಂದ ಮೆಟ್ಟಿಲು ಮುಟ್ಟಿ ನೋಡಿದರು. ಖುಷಿಪಡುತ್ತಾರೆ ಅಂದುಕೊಂಡೆ.

"ಚಲುವಯ್ಯ, ಸಾವಿರದ ನಾನೂರು ಹೆಜ್ಜೆ ಆಯ್ತು. ನಮ್ಮನೆಯಿಂದ ಸ್ಕೂಲಿಗೆ ಏಳುನೂರು. ಕಣ್ಣಿದ್ದಾಗಲೂ ಎಣಿಸ್ತಿದ್ದೆ, ಅಭ್ಯಾಸ."

ನಾನು ಹತ್ತಿರ ಹೋದೆ.

"ಅರಳಿಕಟ್ಟೆ ಹತ್ರ ಎಡಕ್ಕೆ ತಿರುಗ್ತು. ಆಮೇಲೆ ಹಿಂಡಿ ವಾಸನೆ ಬಂತು. ಅದು ಗಾಣದ ಸಂದಿ ತಾನೆ? ನೇರ ಮೇಲ್ಬೀದೀಲಿ ಯಾಕೆ ಬರಲಿಲ್ಲ? ಸಂದೀಲಿ ಚರಂಡಿ, ಎಮ್ಮೆ. ಮಳೆ ಬಂದ್ರೆ ಕಾಲಿಡೋಕಾಗಲ್ಲ. ನಾಯಿಗೆ ಯಾರು ಕಲಿಸಿದ್ದು ಆ ದಾರಿ?"

"ನಾನೇ ಸಾ," ಅಂದೆ. ಅಂದ ಮೇಲೆ ನನಗೇ ತಿಳಿಯಿತು.

ನಾನು ಯೋಚಿಸಿ ಕಲಿಸಿದ್ದಲ್ಲ. ಕಾಲು ತಾನೇ ತಿರುಗಿತ್ತು. ಅರಳಿಕಟ್ಟೆ ಬಂದರೆ ನಮ್ಮವರು ಎಡಕ್ಕೆ ತಿರುಗುತ್ತೇವೆ. ಅಪ್ಪ ತಿರುಗುತ್ತಿದ್ದ. ನಾನೂ. ಮೇಲ್ಬೀದಿಯಲ್ಲಿ ನಾವು ನಡೆಯುವುದಿಲ್ಲ. ಅಸ್ಪೃಶ್ಯತೆ ಮಾಡಬಾರದು ಅಂತ ಕಾನೂನು ಬಂದು ಮೂರು ವರ್ಷ ಆಯಿತು. ಓದಿದ್ದೇನೆ, ರೈಲ್ವೆ ಸ್ಟೇಷನ್ನಿನಲ್ಲಿ ಅಂಟಿಸಿದ್ದರು. ಆದರೂ ಎಡಕ್ಕೇ. ಮಾಯಮ್ಮ ಹೊಳೆಗೆ ಹೋಗುತ್ತಿದ್ದದ್ದೂ ಆ ಸಂದಿಯಲ್ಲೇ. ಕೆಂಚಿಗೆ ನಾನು ಕಲಿಸುವ ಮೊದಲೇ ಬರುತ್ತಿತ್ತು.

ಮೇಷ್ಟ್ರು ಮೆಟ್ಟಿಲ ಮೇಲೆ ಕೂತರು. ಆಮೇಲೆ, "ಇಪ್ಪತ್ತೆರಡು ವರ್ಷ ಆ ಬೀದೀಲಿ ಓಡಾಡಿದೀನಿ. ನಿನ್ನ ಒಂದು ದಿನವೂ ಅಲ್ಲಿ ನೋಡಿದ ನೆನಪಿಲ್ಲ. ಯಾಕೆ ಅಂತ ನಾನು ಕೇಳಲೂ ಇಲ್ಲ" ಅಂದರು.

ವಾಪಸ್ ಹೊರಟಾಗ ಮೇಷ್ಟ್ರು "ನಡಿ" ಅಂದರು. ಕೆಂಚಿ ಸಂದಿಯಲ್ಲೇ ಕರೆದುಕೊಂಡು ಬಂತು.

ಮನೆ ಬಾಗಿಲಲ್ಲಿ ಪ್ರೇಮಕುಮಾರಿ ಕಾಗದ ಹಿಡಿದು ನಿಂತಿದ್ದರು. ಹಾಸನದಿಂದ ಯಾರದೋ ಕೈಲಿ ಬಂದದ್ದು. ಜೂನ್ ಒಂಬತ್ತಕ್ಕೆ ಹಾಜರಾಗಬೇಕು.


ಮೇ 12, ಸೋಮವಾರ.

ಕೆಲಸಕ್ಕೆ ಕೂತೆ. ಹೊಲಿಗೆ ವಾರೆ ಹೋಯಿತು. ಬಿಚ್ಚಿದೆ.

ಪ್ರೇಮಕುಮಾರಿ ಬಂದು, "ನಾನು ಅಣ್ಣನ ಜೊತೆ ಮೇಲ್ಬೀದೀಲಿ ನಡೀತೀನಿ, ಕೆಂಚೀನೂ ಬರಲಿ, ಕಲೀಬಹುದು. ನೀವು ಬರೋದು ಬೇಡ, ಸುಮ್ನೆ ನಿಮಗೆ ತೊಂದರೆ" ಅಂದರು.

ಆಗುವುದಿಲ್ಲ. ಕೆಂಚಿಗೆ ಆ ತಿರುವು ನನ್ನ ಕಾಲಿನಿಂದ ಬಂದದ್ದು. ನನ್ನ ಕಾಲೇ ತಿದ್ದಬೇಕು. "ನಾನೇ ಓಯ್ತೀನಿ ಅವ್ವಾರೆ" ಅಂದೆ.


ಮೇ 13, ಮಂಗಳವಾರ. ಸಂಜೆ ಆರೂವರೆ.

ಬೆಳಿಗ್ಗೆ ಎಂಟಕ್ಕೆ ಹೋದೆ. ಒಗೆದ ಪಂಚೆ, ಚಪ್ಪಲಿ ಹಾಕಿಕೊಂಡೇ. ಕತ್ತಲಲ್ಲಿ ಹೋಗಬಹುದಿತ್ತು. ಮೇಷ್ಟ್ರು ಸ್ಕೂಲಿಗೆ ಹೋಗುವುದು ಬೆಳಕಿನಲ್ಲಿ.

ಅರಳಿಕಟ್ಟೆ ಹತ್ತಿರ ಕೆಂಚಿ ಎಡಕ್ಕೆ ಎಳೆಯಿತು. ನಿಂತೆ. "ನಡಿ" ಅಂದು ನೇರ ಕಾಲಿಟ್ಟೆ. ಅದು ನನ್ನ ಮುಖ ನೋಡಿತು. ತಪ್ಪು ದಾರಿ ಅಂತ ನನಗೇ ಹೇಳುವ ಹಾಗೆ. ಮತ್ತೆ "ನಡಿ" ಅಂದೆ. ಬಂತು.

ನಂಜಪ್ಪನವರು ಜಗುಲಿ ಮೇಲೆ ಕೂತು ಬೇವಿನ ಕಡ್ಡಿ ಜಗಿಯುತ್ತಿದ್ದರು. ಆ ಬೀದಿಗೆ ದೊಡ್ಡ ಮನೆ ಅವರದು.

"ಏನ್ಲಾ ಚಲುವ, ದಾರಿ ತಪ್ಪೋಯ್ತಾ?"

"ಇಲ್ಲ ಸಾ. ದಾರಿ ಕಲಿಸ್ತಾ ಇವ್ನಿ."

"ಯಾರ್ಗೆ?"

"ನಾಯ್ಗೆ ಸಾ. ಮೇಷ್ಟ್ರನ್ನ ಸ್ಕೂಲಿಗೆ ಕರ್ಕೊಂಡೋಗೋಕೆ."

"ಓ, ನಾಯ್ಗಾ. ನಾನೆಲ್ಲೋ ನೀನೇ ಕಲೀತಾ ಇದೀಯಾ ಅಂದ್ಕಂಡೆ."

"ನಾಯ್ಗೇ ಸಾ. ನಂಗೆ ದಾರಿ ಗೊತ್ತೈತೆ."

ಅಂದುಬಿಟ್ಟೆ. ಅವರು ಕಡ್ಡಿ ಬಾಯಿಂದ ತೆಗೆದರು. ನನ್ನ ಬೆನ್ನು ಬೀದಿ ಮುಗಿಯುವ ತನಕ ಬೆವರಿತು. ಬೀದಿ ಸಣ್ಣದು. ನೂರ ಎಂಬತ್ತು ಹೆಜ್ಜೆ. ನಾನೂ ಎಣಿಸಿದೆ.


ಮೇ 24, ಶನಿವಾರ.

ಹನ್ನೆರಡು ದಿನ. ದಿನಕ್ಕೆ ಎರಡು ಸಲ. ಮೂರನೇ ದಿನ ಯಾರೋ ನೀರು ಎರಚಿದರು, ಮನೆ ಮುಂದೆ ತೊಳೆಯುವ ಹಾಗೆ. ಕಾಲಿಗೆ ಬಿತ್ತು. ಕೆಂಚಿ ಮೈ ಒದರಿತು, ಎರಚಿದವರಿಗೂ ಸಿಡಿಯಿತು. ಆರನೇ ದಿನ ನಂಜಪ್ಪನವರ ಮೊಮ್ಮಗಳು ಬಾಗಿಲಿಂದ ಕೂಗಿದಳು: "ತಾತಾ, ಶಾಲೆ ನಾಯಿ ಬಂತು." ಈಗ ಬೀದಿಯಲ್ಲಿ ಅದಕ್ಕೆ ಅದೇ ಹೆಸರು.

ಎಂಟನೇ ದಿನದಿಂದ ಕೆಂಚಿ ತಿರುವಿನಲ್ಲಿ ಎಳೆಯುತ್ತಿಲ್ಲ. ತಲೆ ಮಾತ್ರ ಒಂದು ಸಲ ಎಡಕ್ಕೆ ತಿರುಗುತ್ತೆ. ಅಷ್ಟೇ. ನನಗೂ ಹಾಗೇ ಆಗುತ್ತೆ.

ಮಾಯಮ್ಮನ ದಾರಿಯನ್ನು ನಾನೇ ಅದರಿಂದ ಬಿಡಿಸಿದೆ. ಅವಳಿಗೆ ಹೇಳಿದರೆ ಬೈಯುತ್ತಿದ್ದಳು ಅಂತ ಮೊದಲು ಅನ್ನಿಸಿತು. ಇಲ್ಲ. "ಅದನ್ನ ಮೊದ್ಲೇ ಮಾಡೋಕೆ ಏನಾಗಿತ್ತು ನಿಂಗೆ, ನನ್ನ ಚರಂಡೀಲಿ ನಡಿಸ್ದೆ" ಅಂತ ಬೈಯುತ್ತಿದ್ದಳು.


ಜೂನ್ 5, ಗುರುವಾರ. ಬೆಳಿಗ್ಗೆ ಒಂಬತ್ತೂವರೆ.

ಅಂಗಡಿಗೆ ಬಂದ ತಕ್ಷಣ ಬರೆಯಲು ಕೂತೆ.

ಇಂದು ಕೊನೆಯ ಪರೀಕ್ಷೆ. ಮೇಷ್ಟ್ರು ಒಬ್ಬರೇ. ನಾನು ಅರಳಿಕಟ್ಟೆ ಮೇಲೆ ಕೂತಿರಬೇಕು, ಏನೇ ಆದರೂ ಮಾತಾಡಬಾರದು ಅಂತ ಅವರೇ ಕಟ್ಟುಮಾಡಿದ್ದರು. ಪ್ರೇಮಕುಮಾರಿ ನನ್ನಿಂದ ದೂರ, ಕಟ್ಟೆಯ ಆಚೆ ತುದಿಗೆ. ಇಂದು ಸರಿಹೋದರೆ ಅವರು ಹಾಸನಕ್ಕೆ. ಇಲ್ಲದಿದ್ದರೆ ಇಲ್ಲ.

ತಿರುವಿನಲ್ಲಿ ಕೆಂಚಿ ತಲೆ ತಿರುಗಿಸಿ, ನೇರ ಹೋಯಿತು. ಪ್ರೇಮಕುಮಾರಿ ಉಸಿರು ಬಿಟ್ಟದ್ದು ನನಗೆ ಅಷ್ಟು ದೂರಕ್ಕೂ ಕೇಳಿಸಿತು. ಕಟ್ಟೆಗೆ ಹತ್ತಿರವೇ ಇರುವ ನಂಜಪ್ಪನವರ ಮನೆಯಲ್ಲಿ ಮದುವೆ. ಚಪ್ಪರಕ್ಕೆ ತೆಂಗಿನ ಗರಿ ತಂದು ಬೀದಿಯಲ್ಲಿ ಹರಡಿದ್ದರು. ಅದರ ಹತ್ತಿರ ಹೋಗಿ ಕೆಂಚಿ ನಿಂತುಬಿಟ್ಟಿತು.

"ನಡಿ," ಅಂದರು ಮೇಷ್ಟ್ರು.

ಕದಲಲಿಲ್ಲ.

"ನಡಿ ಕೆಂಚಿ."

ಕೆಂಚಿ ಕೂತುಬಿಟ್ಟಿತು. ಅಡ್ಡ. ಮೇಷ್ಟ್ರ ಮೊಣಕಾಲಿಗೆ ಒರಗಿ.

ನಂಜಪ್ಪನವರು ಜಗುಲಿಯಿಂದ ನಕ್ಕರು. "ಸಂದಿ ನೆಪ್ಪಾಗೈತೆ ಕಣ್ರಪ್ಪಾ ಅದ್ಕೆ! ಎಲ್ಲಿಂದ ಬಂದ್ತೋ ಅಲ್ಲಿಗೇ ಓಗ್ತದೆ! ಮೇಷ್ಟ್ರೇ, ದಾರಿ ಸಾಫ್ ಐತೆ, ಬರೀ ಗರಿ. ನೀವ್ ಬನ್ನಿ, ನಾನೇ ಕೈ ಹಿಡೀತೀನಿ."

ನನಗೂ ಹಾಗೇ ಅನ್ನಿಸಿತು. ಅದನ್ನು ಇಲ್ಲಿ ಬರೆಯಲೇಬೇಕು. ಹನ್ನೆರಡು ದಿನ ಕಲಿಸಿದ್ದು ಸಾಲಲಿಲ್ಲ, ಹಳೇ ಕಾಲೇ ಗೆದ್ದಿತು ಅಂದುಕೊಂಡೆ. ಪ್ರೇಮಕುಮಾರಿ ಕಡೆ ನೋಡಲಾಗಲಿಲ್ಲ.

ಮೇಷ್ಟ್ರು ಮೂರನೇ ಸಲ "ನಡಿ" ಅನ್ನಲಿಲ್ಲ. ಬಲಗೈಯ ಕೋಲನ್ನು ಕೆಂಚಿಯ ಆಚೆಗೆ ಚಾಚಿ, ಗರಿಯ ಮೇಲೆ ಊರಿದರು. ಕೋಲು ಕೆಳಗೆ ಹೋಯಿತು. ಅರ್ಧಕ್ಕಿಂತ ಹೆಚ್ಚು ಇಳಿಯಿತು. ಮತ್ತೆ ತೆಗೆದರು. ಇನ್ನೊಂದು ಕಡೆ ಊರಿದರು. ಅಲ್ಲೂ ಹೋಯಿತು.

"ನಂಜಪ್ಪನವರೇ," ಅಂದರು, ಜೋರಾಗಲ್ಲ, ಪಾಠ ಮಾಡುವ ದನಿಯಲ್ಲಿ. "ದಾರಿ ಸಾಫ್ ಇದೆ ಅಂದ್ರಲ್ಲ. ಎಷ್ಟು ಆಳ ಸಾಫ್ ಇದೆ?"

ನಂಜಪ್ಪನವರು ಜಗುಲಿ ಇಳಿದು ಓಡಿ ಬಂದರು. ಚಪ್ಪರದ ಕಂಬಕ್ಕೆ ಬೆಳಿಗ್ಗೆ ಆಳುಗಳು ಗುಂಡಿ ತೋಡಿದ್ದರು, ಮೇಲೆ ಗರಿ ಬಿದ್ದಿತ್ತು. "ಅಯ್ಯೋ ಶಿವ್ನೇ. ನಂಗೇ ಮರ್ತೋಗಿತ್ತು ಮೇಷ್ಟ್ರೇ... ಕಾಲು ಮುರ್ದೋಗದು..."

ಕೆಂಚಿ ಎದ್ದಿತು. ಯಾರೂ ಹೇಳಲಿಲ್ಲ. ಗರಿಯ ಬಲಗಡೆಯಿಂದ, ಗೋಡೆಗೆ ತಾಗಿಕೊಂಡು, ಮೇಷ್ಟ್ರ ಅಗಲಕ್ಕೆ ಜಾಗ ಬಿಟ್ಟು ಸುತ್ತಿತು. ಆಮೇಲೆ ಬೀದಿಯ ಮಧ್ಯಕ್ಕೆ ಬಂದು ನೇರ ಸ್ಕೂಲಿಗೆ.

ನಂಜಪ್ಪನವರು ಅವರು ಹೋಗುವುದನ್ನೇ ನೋಡುತ್ತಿದ್ದರು. ಆಮೇಲೆ ಕಟ್ಟೆ ಕಡೆ ತಿರುಗಿ, "ಚಲುವಯ್ಯ, ಮಾತು ಕೇಳ್ದೆ ಇರೋದೂ ನೀನೇ ಕಲ್ಸಿದ್ದಾ ಅದ್ಕೆ?" ಅಂದರು.

"ಇಲ್ಲ ಸಾ. ಅದು ನಮ್ ಮಾಯಮ್ಮ ಕಲಿಸಿದ್ದು."

ಚಲುವ ಅನ್ನಲಿಲ್ಲ, ಚಲುವಯ್ಯ ಅಂದರು. ಅದನ್ನು ಈಗ ಬರೆಯುವಾಗ ಗಮನಿಸಿದೆ.

ಏಳುನೂರ ಹನ್ನೊಂದು ಹೆಜ್ಜೆ, ಮೇಷ್ಟ್ರು ಎಣಿಸಿ ಹೇಳಿದ್ದು. ಗುಂಡಿ ಸುತ್ತಿದ್ದು ಸೇರಿ.


ಜೂನ್ 8, ಭಾನುವಾರ. ಸಂಜೆ ಐದು ಮುಕ್ಕಾಲು.

ಬೆಳಿಗ್ಗೆ ಒಂದು ಗೋಣಿಯಲ್ಲಿ ಕೆಂಚಿಯ ತಟ್ಟೆ, ಹಳೇ ಕಂಬಳಿ ಕಟ್ಟಿಕೊಂಡೆ. ಮಾಯಮ್ಮನ ಸೀರೆಯ ಅಂಚನ್ನೂ ಇಟ್ಟೆ. ಆಮೇಲೆ ತೆಗೆದೆ. ಅದು ಇಲ್ಲಿರಲಿ.

ಮೇಷ್ಟ್ರ ಮನೆಯಲ್ಲಿ ಪ್ರೇಮಕುಮಾರಿ ಟ್ರಂಕು ತುಂಬುತ್ತಿದ್ದರು. ನನಗೆ ಆ ಪತ್ರಿಕೆಯ ಹಾಳೆ ಕೊಟ್ಟರು. "ನೀವೇ ಇಟ್ಕೊಳ್ಳಿ ಚಲುವಣ್ಣ. ಇನ್ಯಾರಾದ್ರೂ ಕೇಳಿಕೊಂಡು ಬಂದ್ರೆ ಬೇಕಾಗುತ್ತೆ." ಆಗಲೇ ಒಬ್ಬರು ಕೇಳಿದ್ದಾರೆ. ಶಾಂತಿಗ್ರಾಮದಿಂದ ಒಬ್ಬರು ಬಸ್ಸಿನವನ ಕೈಲಿ ಹೇಳಿ ಕಳಿಸಿದ್ದಾರೆ, ಅವರ ತಮ್ಮನಿಗೆ ಸಿಡುಬಿನಲ್ಲಿ ಕಣ್ಣು ಹೋಗಿದೆಯಂತೆ. ನಾಯಿ ಇಲ್ಲ. ಹುಡುಕಬಹುದು. ಮರಿಯಿಂದಲೇ ಕಲಿಸಿದರೆ ಬೊಂಬಿನ ಕೆಲಸ ಸುಲಭವಾಗುತ್ತೆ. ಈ ಸಲ ದಾರಿಯನ್ನು ಮೊದಲೇ ಕೇಳಿಕೊಳ್ಳಬೇಕು. ಅವರು ನಡೆಯುವ ದಾರಿ ಯಾವುದು, ನಾನು ನಡೆಯುವುದು ಯಾವುದು ಅಂತ.

ಮೇಷ್ಟ್ರು ನನ್ನ ಕೈ ಹುಡುಕಿ ಹಿಡಿದುಕೊಂಡರು. "ಭಾನುವಾರ ಬಾ. ಕೆಂಚಿಗೆ ಭಾನುವಾರ ರಜ." ಬರುತ್ತೇನೆ ಅಂದೆ.

ಎದ್ದೆ. ಕೆಂಚಿ ಮೆಟ್ಟಿಲ ತನಕ ಬಂತು. "ಓ..." ಅಂದೆ. ನಿಂತಿತು. ಒಂದೇ ಮಾತು.

ಅರಳಿಕಟ್ಟೆಗೆ ಬಂದಾಗ ಕಾಲು ತಾನೇ ನೇರ ಹೊರಟಿತು. ನಿಲ್ಲಿಸಿ, ಬೇಕೆಂದೇ ಗಾಣದ ಸಂದಿಗೆ ತಿರುಗಿದೆ. ಹಿಂಡಿ ವಾಸನೆ. ಚರಂಡಿ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಮಾಯಮ್ಮನಿಗೆ ಹೇಳುವುದು ಇತ್ತು, ಹೇಳಿದೆ. ಹೊಳೆ ತನಕ ಹೋಗಿ, ವಾಪಸ್ ಮೇಲ್ಬೀದಿಯಲ್ಲಿ ಬಂದೆ. ಚಪ್ಪರ ಬಿಚ್ಚುತ್ತಿದ್ದರು. ಗುಂಡಿ ಮುಚ್ಚಿದ್ದರು.

ಅಂಗಡಿ ಮುಂದೆ ಯಾರೂ ಮಲಗಿಲ್ಲ. ಲಗಾಮು ಒಂದು ಅರ್ಧ ಹೊಲಿದು ಬಿಟ್ಟಿದ್ದೇನೆ, ಬೆಳಕಿರುವಾಗ ಮುಗಿಸಬೇಕು.

ನಾಳೆ ಪ್ರೇಮಕುಮಾರಿಯವರ ಗಾಡಿ ಆರೂವರೆಗೆ. ನಾಳೆ ಶಾಲೆ ಶುರು. ಮೇಷ್ಟ್ರೂ ಕೆಂಚಿಯೂ ಮನೆ ಬಿಡುವುದು ಹತ್ತಕ್ಕೆ ಕಾಲು ಗಂಟೆ ಇರುವಾಗ. ಅವರಿಬ್ಬರೇ.